ಅರ್ಹ ದಂಪತಿಗಳ ಪಟ್ಟಿಯಿಂದ ಹೊರಬಂದ ಮೇಲೆ

2001 ರ ಜನಗಣತಿಯಲ್ಲಿ ಕರ್ನಾಟಕದ ಜನಸಂಖ್ಯೆ 5.28 ಕೋಟಿ ಇತ್ತು, 2011 ರಲ್ಲಿ ಅದು 6.11 ಕೋಟಿಯಾಯಿತು. ಹತ್ತು ವರ್ಷಗಳಲ್ಲಿ ಎಂಬತ್ತು ಲಕ್ಷಕ್ಕೂ ಹೆಚ್ಚು ಜನ ಸೇರಿಕೊಂಡರೂ ಆರು ವರ್ಷದವರೆಗಿನ ಮಕ್ಕಳ ಸಂಖ್ಯೆ ಮಾತ್ರ ಹೆಚ್ಚಲಿಲ್ಲ. ಎಪ್ಪತ್ತೆರಡು ಲಕ್ಷದ ಆಸುಪಾಸಿನಲ್ಲಿದ್ದದ್ದು ತುಸು ಕೆಳಗೇ ಇಳಿಯಿತು. ಅದೇ ಗಣತಿಯಲ್ಲಿ ಚಿಕ್ಕಮಗಳೂರು ಜಿಲ್ಲೆಯ ಒಟ್ಟು ಜನಸಂಖ್ಯೆಯೇ ಹಿಂದಿನ ಗಣತಿಗಿಂತ ಸುಮಾರು ಮೂರು ಸಾವಿರ ಕಡಿಮೆಯಾಗಿತ್ತು. ಕೊಡಗು ಹತ್ತು ವರ್ಷದಲ್ಲಿ ಶೇ 1 ರಷ್ಟು ಮಾತ್ರ ಬೆಳೆದಿತ್ತು. ಆಗ ಎಲ್ಲರ ಕಣ್ಣು ಶೇ 47 ರಷ್ಟು ಉಬ್ಬಿದ ಬೆಂಗಳೂರು ನಗರ ಜಿಲ್ಲೆಯ ಮೇಲಿತ್ತು. ಮಲೆನಾಡಿನ ಒಂದು ಜಿಲ್ಲೆ ಕುಗ್ಗತೊಡಗಿದ್ದು, ರಾಜ್ಯದ ತೊಟ್ಟಿಲುಗಳ ಲೆಕ್ಕ ನಿಂತಲ್ಲೇ ನಿಂತದ್ದು ಜನಗಣತಿಯ ಕೋಷ್ಟಕಗಳಲ್ಲೇ ಉಳಿದುಹೋದವು.

ಒಬ್ಬ ಹೆಂಗಸು ತನ್ನ ಹೆರುವ ವಯಸ್ಸಿನುದ್ದಕ್ಕೂ ಸರಾಸರಿ ಎಷ್ಟು ಮಕ್ಕಳನ್ನು ಹೆರಬಹುದು ಎಂಬ ಅಂದಾಜಿಗೆ ಒಟ್ಟು ಫಲವಂತಿಕೆ ದರ ಎನ್ನುತ್ತಾರೆ. ಒಂದು ತಲೆಮಾರು ತನ್ನ ಜಾಗಕ್ಕೆ ಅಷ್ಟೇ ಜನರನ್ನು ಬಿಟ್ಟುಹೋಗಬೇಕಾದರೆ ಈ ದರ ಸುಮಾರು 2.1 ಇರಬೇಕು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ದರ 1992-93 ರಲ್ಲಿ 2.9 ರ ಸುಮಾರಿಗಿತ್ತು, 2005-06 ರ ಹೊತ್ತಿಗೆ 2.1 ಕ್ಕೆ ಬಂದಿತ್ತು, 2019-21 ರಲ್ಲಿ 1.7 ಆಯಿತು. ಆ ಕೊನೆಯ ಸಮೀಕ್ಷೆಯಲ್ಲಿ ಇಡೀ ದೇಶದ ದರ 2.0. ಅಂದರೆ ರಾಜ್ಯ ಈ ಗೆರೆಗಿಂತ ಕೆಳಗಿಳಿದು ಒಂದೂವರೆ ದಶಕವೇ ಕಳೆದಿದೆ. ಹಾಗಿದ್ದೂ ಜನಸಂಖ್ಯೆ ಏಕೆ ಏರುತ್ತಲೇ ಇದೆ ಎಂಬ ಪ್ರಶ್ನೆ ಸಹಜ. ಹಿಂದಿನ ದಶಕಗಳಲ್ಲಿ ಹೆಚ್ಚು ಸಂಖ್ಯೆಯಲ್ಲಿ ಹುಟ್ಟಿದ ಹೆಣ್ಣುಮಕ್ಕಳು ಈಗ ತಾಯಂದಿರಾಗುವ ವಯಸ್ಸಿನಲ್ಲಿದ್ದಾರೆ. ಒಬ್ಬೊಬ್ಬರೂ ಕಡಿಮೆ ಹೆತ್ತರೂ ಹೆರುವವರೇ ಹೆಚ್ಚಿರುವುದರಿಂದ ಹುಟ್ಟು ಇನ್ನೂ ಸಾವಿಗಿಂತ ಮುಂದಿದೆ. ಒಲೆ ಆರಿಸಿದ ಮೇಲೂ ಹಂಡೆಯ ನೀರು ಸ್ವಲ್ಪ ಹೊತ್ತು ಕುದಿಯುವ ಹಾಗೆ ಇದು.

ವಯಸ್ಸಾಗುವುದರ ಲೆಕ್ಕವೂ ಇಲ್ಲಿಂದಲೇ ಶುರುವಾಗುತ್ತದೆ. ಜನ ಹೆಚ್ಚು ಕಾಲ ಬದುಕುವುದರಿಂದ ಸಮಾಜ ಮುಪ್ಪಾಗುತ್ತದೆ ಎಂದು ನಾವು ಸಾಮಾನ್ಯವಾಗಿ ತಿಳಿದಿದ್ದೇವೆ. ಅದು ಅರ್ಧ ನಿಜ. ವೃದ್ಧರ ಪ್ರಮಾಣ ಏರುವುದಕ್ಕೆ ಮುಖ್ಯ ಕಾರಣ ಕೆಳಗಿನಿಂದ ಮಕ್ಕಳು ಕಡಿಮೆಯಾಗುವುದೇ. ಕರ್ನಾಟಕದಲ್ಲಿ ಅರವತ್ತು ದಾಟಿದವರ ಪಾಲು 2011 ರಲ್ಲಿ ಶೇ 9.5 ಇತ್ತು. ಕೇಂದ್ರ ಸರ್ಕಾರದ ತಜ್ಞರ ಸಮಿತಿಯ ಅಂದಾಜಿನಂತೆ ಅದು 2021 ಕ್ಕೆ ಶೇ 11.5 ಆಗಿ, 2031 ಕ್ಕೆ ಶೇ 15 ಮುಟ್ಟುತ್ತದೆ. ಕೇರಳ ನಮಗಿಂತ ಬಹಳ ಮುಂದಿದೆ, 2021 ರಲ್ಲೇ ಅಲ್ಲಿ ಈ ಪಾಲು ಶೇ 16.5. ಬಿಹಾರದಲ್ಲಿ ಆಗ ಶೇ 7.7. ಒಂದೇ ದೇಶದೊಳಗೆ ಒಂದು ಮನೆಯಲ್ಲಿ ಅಜ್ಜಿಗೆ ಊರುಗೋಲು ಹುಡುಕುತ್ತಿದ್ದರೆ ಇನ್ನೊಂದು ಮನೆಯಲ್ಲಿ ಮಕ್ಕಳಿಗೆ ಶಾಲೆ ಸಾಲದಾಗಿದೆ.

ಈ ವಿಷಯ ಚರ್ಚೆಗೆ ಬಂದಾಗಲೆಲ್ಲ ಜಪಾನು, ದಕ್ಷಿಣ ಕೊರಿಯಾಗಳ ಹೆಸರು ಬರುತ್ತದೆ. 2024 ರಲ್ಲಿ ಜಪಾನಿನಲ್ಲಿ ಹುಟ್ಟಿದ ಮಕ್ಕಳು ಏಳು ಲಕ್ಷಕ್ಕಿಂತ ಕಡಿಮೆ, ಫಲವಂತಿಕೆ ದರ 1.15, ಕೊರಿಯಾದಲ್ಲಿ 2023 ರಲ್ಲಿ ಅದು 0.72 ಕ್ಕೆ ಕುಸಿದಿತ್ತು. ನಮ್ಮ ದಾರಿಯೂ ಅದೇ ಎಂಬ ಧಾಟಿಯ ಮಾತು ಕೇಳಿಬರುತ್ತದೆ. ಸಂಖ್ಯೆಗಳ ಇಳಿಜಾರು ಒಂದೇ ಥರ ಕಂಡರೂ ಇಳಿದ ಬಗೆ ಬೇರೆ, ಮತ್ತು ಆ ಬಗೆಯಲ್ಲೇ ಕರ್ನಾಟಕದ ಮುಪ್ಪಿನ ಸಮಸ್ಯೆಯ ತಿರುಳಿದೆ ಎಂಬುದು ನನ್ನ ವಾದ. ಜಪಾನು, ಕೊರಿಯಾಗಳಲ್ಲಿ ಜನ ಮದುವೆಯನ್ನು ಮೂವತ್ತರಾಚೆಗೆ ತಳ್ಳಿದರು ಅಥವಾ ಮದುವೆಯನ್ನೇ ಬಿಟ್ಟರು. ಇಲ್ಲಿ ಮದುವೆ ಬಹುತೇಕ ಎಲ್ಲರಿಗೂ ಆಯಿತು, ಅದೂ ಬೇಗ ಆಯಿತು. ಮಕ್ಕಳೂ ಬೇಗ ಆದವು. ಬೇಗ ಮುಗಿದದ್ದು ಹೆರಿಗೆ. ಅದನ್ನು ಮುಗಿಸಿದ ಮಾತು ಒಂದೇ, ನಮ್ಮ ಹಳ್ಳಿಗಳಲ್ಲಿ ಇಂದಿಗೂ ವಿವರಣೆಯ ಹಂಗಿಲ್ಲದೆ ಎಲ್ಲರಿಗೂ ಅರ್ಥವಾಗುವ ಮಾತು: ‘ಆಪರೇಷನ್ ಆಗಿದೆ.’

2019-21 ರ ಸಮೀಕ್ಷೆಯಲ್ಲಿ ಕರ್ನಾಟಕದ ವಿವಾಹಿತ ಹೆಂಗಸರಲ್ಲಿ ಶೇ 57 ರಷ್ಟು ಜನ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದರು. ದೇಶದ ಸರಾಸರಿ ಶೇ 38 ರ ಸುಮಾರು. ಗಂಡಸರ ಶಸ್ತ್ರಚಿಕಿತ್ಸೆಯ ಅಂಕಣದಲ್ಲಿ ಕರ್ನಾಟಕದ ಎದುರಿಗಿದ್ದ ಅಂಕಿ ಸೊನ್ನೆ. ಹೆಂಗಸರದಕ್ಕಿಂತ ಸುಲಭವಾದ, ಹೊಟ್ಟೆ ಕೊಯ್ಯುವ ಅಗತ್ಯವೇ ಇಲ್ಲದ ಶಸ್ತ್ರಚಿಕಿತ್ಸೆಗೆ ಆ ಸೊನ್ನೆ! ಅದೇ ಸಮೀಕ್ಷೆಯಲ್ಲಿ ಇಪ್ಪತ್ತರಿಂದ ಇಪ್ಪತ್ತನಾಲ್ಕರ ವಯಸ್ಸಿನ ಹೆಂಗಸರಲ್ಲಿ ಐವರಲ್ಲಿ ಒಬ್ಬರಿಗಿಂತ ಹೆಚ್ಚು ಜನರಿಗೆ ಹದಿನೆಂಟು ತುಂಬುವ ಮೊದಲೇ ಮದುವೆಯಾಗಿತ್ತು. ಹದಿಹರೆಯದ ಕೊನೆಗೆ ಮದುವೆ, ಮುಂದಿನ ನಾಲ್ಕೈದು ವರ್ಷಗಳಲ್ಲಿ ಎರಡು ಹೆರಿಗೆ, ಇಪ್ಪತ್ತೈದರ ಸುಮಾರಿಗೆ ಆಪರೇಷನ್: ರಾಜ್ಯದ ‘ಸಾಧನೆ’ಯ ಹಿಂದಿರುವ ಜೀವನಚರಿತ್ರೆ ಇಷ್ಟೇ.

ಇದು ತಾನಾಗಿ ಆದದ್ದಲ್ಲ, ಇದಕ್ಕೆ ಸುಮಾರು ನೂರು ವರ್ಷಗಳ ಆಡಳಿತದ ಇತಿಹಾಸವಿದೆ. 1930 ರಲ್ಲಿ ಮೈಸೂರು ಸಂಸ್ಥಾನ ಸಂತತಿ ನಿಯಂತ್ರಣದ ಚಿಕಿತ್ಸಾಲಯಗಳನ್ನು ಸರ್ಕಾರದ ವತಿಯಿಂದಲೇ ತೆರೆಯಿತು. ಜಗತ್ತಿನಲ್ಲಿ ಸರ್ಕಾರವೊಂದು ಇಂಥ ಕೆಲಸಕ್ಕೆ ಕೈಹಾಕಿದ ಮೊದಲ ನಿದರ್ಶನ ಇದೆಂದು ಹೇಳಲಾಗುತ್ತದೆ. ಸ್ವಾತಂತ್ರ್ಯ ಬಂದ ಮೇಲೆ ವಿಶ್ವಸಂಸ್ಥೆ ಮತ್ತು ಭಾರತ ಸರ್ಕಾರ ಸೇರಿ 1951-52 ರಲ್ಲಿ ಮೈಸೂರಿನ ಜನಸಂಖ್ಯೆಯ ಬಗ್ಗೆ ವಿವರವಾದ ಕ್ಷೇತ್ರ ಅಧ್ಯಯನ ನಡೆಸಿದವು. 1970 ರ ದಶಕದ ಮೊದಲ ಭಾಗದಲ್ಲಿ ವಿಶ್ವಬ್ಯಾಂಕಿನ ನೆರವಿನ ಮೊದಲ ಭಾರತೀಯ ಜನಸಂಖ್ಯಾ ಯೋಜನೆಗೆ ಆರಿಸಿಕೊಂಡ ಎರಡು ರಾಜ್ಯಗಳಲ್ಲಿ ಕರ್ನಾಟಕ ಒಂದು, ಉತ್ತರ ಪ್ರದೇಶ ಇನ್ನೊಂದು. ಐವತ್ತು ವರ್ಷಗಳ ನಂತರ ಆ ಎರಡು ರಾಜ್ಯಗಳು ಎಲ್ಲಿವೆ ಎಂಬುದನ್ನು ನೋಡಿದರೆ ಹಣದಿಂದ ಮಾತ್ರ ಈ ಕೆಲಸ ಆಗುವುದಿಲ್ಲ ಎಂಬುದು ಸ್ಪಷ್ಟವಾಗುತ್ತದೆ.

ಹಾಗಾದರೆ ಯಾವುದರಿಂದ ಆಯಿತು? 1979 ರಿಂದ ಮುಂದಿನ ಕೆಲವು ವರ್ಷ ಜನಸಂಖ್ಯಾಶಾಸ್ತ್ರಜ್ಞ ಜಾನ್ ಕಾಲ್ಡ್‌ವೆಲ್ ಮತ್ತು ಬೆಂಗಳೂರಿನ ಪಿ.ಎಚ್. ರೆಡ್ಡಿ ಮುಂತಾದವರು ದಕ್ಷಿಣ ಕರ್ನಾಟಕದ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಮಾತಾಡಿಸಿದರು. ಕಾಲ್ಡ್‌ವೆಲ್ ಅವರ ಸಿದ್ಧಾಂತದ ಸಾರ ಹೀಗಿದೆ: ದನ ಕಾಯಲು, ಕಳೆ ಕೀಳಲು, ಕೊನೆಗೆ ಮುಪ್ಪಿನಲ್ಲಿ ಅನ್ನ ಹಾಕಲು ಮಕ್ಕಳು ಒದಗುವವರೆಗೆ ಸಂಪತ್ತು ಮಕ್ಕಳಿಂದ ಹೆತ್ತವರ ಕಡೆಗೆ ಹರಿಯುತ್ತದೆ, ಹಾಗಾಗಿ ಹೆಚ್ಚು ಮಕ್ಕಳಿದ್ದರೆ ಲಾಭ. ಮಗು ಶಾಲೆಗೆ ಹೋಗತೊಡಗಿದ ದಿನ ಆ ಹರಿವು ತಿರುಗಿ ನಿಲ್ಲುತ್ತದೆ. ಪುಸ್ತಕ, ಬಟ್ಟೆ, ಶುಲ್ಕ, ಮುಂದೆ ಕೆಲಸ ಕೊಡಿಸುವ ಖರ್ಚು, ಹೆಣ್ಣಾದರೆ ವರದಕ್ಷಿಣೆ. ಹೆಚ್ಚು ಮಕ್ಕಳೆಂದರೆ ಹೆಚ್ಚು ಸಾಲ. ನಮ್ಮ ರೈತ ಕುಟುಂಬಗಳಿಗೆ ಈ ಲೆಕ್ಕ ಹೇಳಿಕೊಡಲು ಜನಸಂಖ್ಯಾಶಾಸ್ತ್ರ ಬೇಕಾಗಲಿಲ್ಲ. ಭಾಗವಾಗಿ ಭಾಗವಾಗಿ ಎರಡು ಎಕರೆಗೆ ಬಂದು ನಿಂತ ಹೊಲವೇ ಅದನ್ನು ಹೇಳಿತ್ತು.

ಸರ್ಕಾರ ಮಾಡಿದ್ದು ಈ ಲೆಕ್ಕಕ್ಕೆ ಒಂದು ದಾರಿ ತೋರಿಸಿದ್ದು, ಮತ್ತು ಆ ದಾರಿ ಒಂದೇ ಒಂದು ಎಂಬಂತೆ ಮಾಡಿದ್ದು. 1975-77 ರ ತುರ್ತುಪರಿಸ್ಥಿತಿಯವರೆಗೂ ಗಂಡಸರ ಶಸ್ತ್ರಚಿಕಿತ್ಸೆಗೂ ಒತ್ತು ಇತ್ತು. ಆ ಕಾಲದ ಬಲವಂತಕ್ಕೆ ಉತ್ತರ ಭಾರತ ಚುನಾವಣೆಯಲ್ಲಿ ಕೊಟ್ಟ ಏಟಿನ ನಂತರ ಯಾವ ಪಕ್ಷವೂ ಗಂಡಸಿನ ದೇಹದ ತಂಟೆಗೆ ಹೋಗಲಿಲ್ಲ. ‘ಕುಟುಂಬ ಯೋಜನೆ’ ಎಂಬ ಹೆಸರು 1977 ರಲ್ಲಿ ‘ಕುಟುಂಬ ಕಲ್ಯಾಣ’ವಾಯಿತು, ಗುರಿಯ ಪೂರ್ತಿ ಭಾರ ಹೆಂಗಸಿನ ಮೇಲೆ ಬಿತ್ತು. ಗೋಡೆಗಳ ಮೇಲೆ ಕೆಂಪು ತ್ರಿಕೋನ, ‘ಆರತಿಗೊಬ್ಬಳು, ಕೀರ್ತಿಗೊಬ್ಬ’ ಎಂಬ ಘೋಷಣೆ, ಶಾಲೆಯ ಕಟ್ಟಡಗಳಲ್ಲಿ ಶಿಬಿರ. ಇದೆಲ್ಲದರ ನಡುವೆ ಒಂದು ಸಾಧಾರಣ ವಸ್ತುವಿದೆ: ಕಿರಿಯ ಆರೋಗ್ಯ ಸಹಾಯಕಿಯ ಕೈಯಲ್ಲಿರುವ ‘ಅರ್ಹ ದಂಪತಿಗಳ’ ರಿಜಿಸ್ಟರ್. ಹೆಂಡತಿಯ ವಯಸ್ಸು 15 ರಿಂದ 49 ರ ನಡುವೆ ಇರುವ ಪ್ರತಿಯೊಂದು ದಂಪತಿಯ ಹೆಸರು, ಮಕ್ಕಳ ಸಂಖ್ಯೆ, ಕೊನೆಯ ಮಗುವಿನ ವಯಸ್ಸು, ಬಳಸುತ್ತಿರುವ ವಿಧಾನ ಎಲ್ಲವೂ ಅದರಲ್ಲಿ ಇರಬೇಕು. ಆಶಾ ಕಾರ್ಯಕರ್ತೆಯರು ಬಂದ ಮೇಲೆ ಈ ಕೆಲಸ ಇನ್ನೂ ಬಿಗಿಯಾಯಿತು. ಕಾಡಂಚಿನ ಹಾಡಿಯವರೆಗೂ ತಲುಪಿದ ಇಂಥ ಅಚ್ಚುಕಟ್ಟಾದ ವ್ಯವಸ್ಥೆಯನ್ನು ನಮ್ಮ ರಾಜ್ಯ ಬೇರೆ ಎಷ್ಟು ಉದ್ದೇಶಗಳಿಗೆ ಕಟ್ಟಿದೆ ಎಂದು ಯೋಚಿಸಿದರೆ ಉತ್ತರ ಚಿಕ್ಕದಾಗುತ್ತದೆ.

ಇದರ ಫಲವನ್ನು ಕೀಳಾಗಿ ನೋಡಬೇಕಿಲ್ಲ. ಮೇಲಿಂದ ಮೇಲೆ ಹೆತ್ತು ಸೊರಗುವ, ಹೆರಿಗೆಯಲ್ಲಿ ಸಾಯುವ ಹೆಂಗಸರು ಕಡಿಮೆಯಾದರು. ಹುಟ್ಟಿದ ಮಗು ಉಳಿಯಿತು, ಓದಿತು. ಜನನ ದರ ಇಳಿದದ್ದನ್ನು ‘ಬಿಕ್ಕಟ್ಟು’ ಎಂದು ಕರೆಯುವವರು ಎಂಟು ಹೆತ್ತು ಮೂರನ್ನು ಮಣ್ಣು ಮಾಡಿದ ಅಜ್ಜಿಯೊಬ್ಬಳ ಎದುರು ಆ ಪದ ಬಳಸಲಿ ನೋಡೋಣ. ನನ್ನ ತಕರಾರು ಬೇರೆ. ಹೆಣ್ಣಿನ ಜೀವನದ ಹೆರುವ ಭಾಗವನ್ನು ಅಷ್ಟು ಕಾಳಜಿಯಿಂದ ನಿರ್ವಹಿಸಿದ ಸರ್ಕಾರ, ಅದರ ಸಹಜ ಪರಿಣಾಮವಾದ ಮುಪ್ಪಿನ ಭಾಗವನ್ನು ಮನೆಯವರ ತಲೆಗೆ ಕಟ್ಟಿ ಸುಮ್ಮನಾಯಿತು.

1970 ರ ಸುಮಾರಿಗೆ ಹುಟ್ಟಿದ ಒಬ್ಬಳನ್ನು ಲೆಕ್ಕಕ್ಕೆ ತೆಗೆದುಕೊಳ್ಳೋಣ. ಹದಿನೆಂಟಕ್ಕೆ ಮದುವೆ, ಇಪ್ಪತ್ತನಾಲ್ಕರ ಹೊತ್ತಿಗೆ ಇಬ್ಬರು ಮಕ್ಕಳು ಮತ್ತು ಆಪರೇಷನ್. 2030 ಕ್ಕೆ ಅವಳಿಗೆ ಅರವತ್ತು. ಭಾರತದಲ್ಲಿ ಅರವತ್ತು ಮುಟ್ಟಿದ ಹೆಂಗಸು ಸರಾಸರಿ ಇನ್ನೂ ಹತ್ತೊಂಬತ್ತು ವರ್ಷ ಬದುಕುತ್ತಾಳೆ, ಗಂಡಸು ಅದಕ್ಕಿಂತ ಒಂದೂವರೆ ವರ್ಷ ಕಡಿಮೆ. ಗಂಡ ಅವಳಿಗಿಂತ ನಾಲ್ಕಾರು ವರ್ಷ ದೊಡ್ಡವನಿರುವುದು ನಮ್ಮ ರೂಢಿ. ಈ ಎರಡು ಅಂತರಗಳನ್ನು ಕೂಡಿದರೆ ಕೊನೆಯ ಆರೇಳು ವರ್ಷ ಅವಳು ವಿಧವೆ. ಗಂಡ ಹಾಸಿಗೆ ಹಿಡಿದಾಗ ನೋಡಿಕೊಳ್ಳಲು ಅವಳಿದ್ದಳು. ಅವಳು ಹಾಸಿಗೆ ಹಿಡಿದಾಗ ಯಾರು? ಅವಳ ಅತ್ತೆಗೆ ನಾಲ್ಕು ಸೊಸೆಯಂದಿರಿದ್ದರು, ಸರದಿಯ ಮೇಲೆ ನೋಡಿಕೊಂಡರು, ಜಗಳವಾಡುತ್ತಲೇ ಆದರೂ ನೋಡಿಕೊಂಡರು. ಇವಳಿಗೆ ಇರುವವಳು ಒಬ್ಬಳೇ ಸೊಸೆ, ಅವಳೂ ಗಾರ್ಮೆಂಟ್ಸಿಗೋ ಕಚೇರಿಗೋ ಹೋಗುತ್ತಾಳೆ, ಬೆಂಗಳೂರಿನ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಇದ್ದಾಳೆ. ಕೀರ್ತಿಗೊಬ್ಬ ಮಗ ದುಬೈಯಲ್ಲೋ ಹೈದರಾಬಾದಿನಲ್ಲೋ ಕೀರ್ತಿ ತರುತ್ತಿದ್ದಾನೆ. ಆರತಿಗೊಬ್ಬಳು ಎಂದು ಹೆತ್ತ ಮಗಳಿಗೆ ಆಗಲೇ ಗಂಡನ ಕಡೆಯ ಇಬ್ಬರು ಮುದುಕರ ಜವಾಬ್ದಾರಿ ಬಿದ್ದಿದೆ.

ಮಗಳ ವಿಚಾರದಲ್ಲಿ ಒಂದು ಅಡ್ಡಮಾತು ಹೇಳಲೇಬೇಕು. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಜನ್ಮಸಿದ್ಧ ಪಾಲು ಕೊಡುವ ತಿದ್ದುಪಡಿಯನ್ನು ಕರ್ನಾಟಕ 1994 ರಲ್ಲೇ ಮಾಡಿತ್ತು, ಕೇಂದ್ರ ಅದನ್ನು ಮಾಡಿದ್ದು 2005 ರಲ್ಲಿ. ತಂದೆತಾಯಿಯರ ಮತ್ತು ಹಿರಿಯ ನಾಗರಿಕರ ಪೋಷಣೆಯ 2007 ರ ಕಾಯ್ದೆಯ ಪ್ರಕಾರ ಹೆತ್ತವರನ್ನು ಸಾಕುವ ಹೊಣೆಯೂ ಮಗ, ಮಗಳು ಇಬ್ಬರದ್ದು. ಕಾಗದದ ಮೇಲೆ ಹಕ್ಕು, ಹೊಣೆ ಎರಡೂ ಸರಿಸಮ. ವಾಸ್ತವದಲ್ಲಿ ಮಗಳು ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಹಾಕಿ ಅರಿಸಿನ ಕುಂಕುಮಕ್ಕೆ ತೃಪ್ತಳಾಗುವುದು, ಆಮೇಲೆ ಅಮ್ಮನ ಆಸ್ಪತ್ರೆಯ ರಾತ್ರಿಗಳಿಗೆ ಮಾತ್ರ ತಪ್ಪದೆ ಬರುವುದು ಇನ್ನೂ ಸಾಮಾನ್ಯ. ಆ ಕಾಯ್ದೆಯ ಅಡಿಯಲ್ಲಿ ಉಪವಿಭಾಗಾಧಿಕಾರಿಯ ಮುಂದೆ ಅರ್ಜಿ ಹಾಕಬಹುದು, ನೋಡಿಕೊಳ್ಳುವ ಷರತ್ತಿನ ಮೇಲೆ ಬರೆದುಕೊಟ್ಟ ದಾನಪತ್ರವನ್ನು ಮಾತಿಗೆ ತಪ್ಪಿದ ಮಕ್ಕಳಿಂದ ರದ್ದುಪಡಿಸಿಕೊಳ್ಳಲೂಬಹುದು. ಬರೆದುಕೊಡಲು ಆಸ್ತಿ ಇದ್ದವರಿಗೆ ಇದು ದೊಡ್ಡ ಆಸರೆ. ಇಲ್ಲದವರಿಗೆ ಮಗನ ಮೇಲೆ ಮೊಕದ್ದಮೆ ಹೂಡು ಎನ್ನುವ ಸಲಹೆ ಸಲಹೆಯೇ ಅಲ್ಲ.

ಚಿಕ್ಕ ಸಂಸಾರದ ಆಸೆ ಮತ್ತು ಗಂಡು ಬೇಕೆಂಬ ಹಳೆಯ ಹಟ ಕೂಡಿದಾಗ ಏನಾಯಿತು ಎಂಬುದಕ್ಕೆ ಮಂಡ್ಯ ಸೀಮೆ ಸಾಕ್ಷಿ. ಆರು ಹೆರುವ ಕಾಲದಲ್ಲಿ ಗಂಡು ಬರುವವರೆಗೆ ಕಾಯಬಹುದಿತ್ತು. ಎರಡಕ್ಕೇ ನಿಲ್ಲಿಸಬೇಕೆಂದಾಗ ಕಾಯುವ ಜಾಗದಲ್ಲಿ ಸ್ಕ್ಯಾನಿಂಗ್ ಯಂತ್ರ ಬಂತು. ಭ್ರೂಣಲಿಂಗ ಪತ್ತೆಯನ್ನು 1994 ರ ಕಾಯ್ದೆ ನಿಷೇಧಿಸಿ ಮೂರು ದಶಕವಾಗುತ್ತ ಬಂದಿದ್ದ 2023 ರ ಕೊನೆಯಲ್ಲಿ, ಮಂಡ್ಯದ ಆಲೆಮನೆಯೊಂದರಲ್ಲಿ ಇಂಥ ಯಂತ್ರವಿಟ್ಟುಕೊಂಡು ನಡೆಸುತ್ತಿದ್ದ ಜಾಲವನ್ನು ಪೊಲೀಸರು ಬಯಲಿಗೆಳೆದರು. ಅದೇ ವರ್ಷದ ಫೆಬ್ರವರಿಯಲ್ಲಿ ಅದೇ ಭಾಗದ ಮದುವೆಯಾಗದ ರೈತ ಯುವಕರು ಹೆಣ್ಣು ಸಿಗಲೆಂದು ಹರಕೆ ಹೊತ್ತು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋದರು. ಪತ್ರಿಕೆಗಳಲ್ಲಿ ಅದು ತಮಾಷೆಯ ಸುದ್ದಿಯಾಗಿ ಬಂತು. ಹೆಣ್ಣು ಸಿಗದಿರಲು ಬೇಸಾಯದ ಬಗ್ಗೆ ಹೆಣ್ಣುಮಕ್ಕಳಿಗಿರುವ ಸಕಾರಣವಾದ ಅಂಜಿಕೆಯೂ ಕಾರಣ, ಹುಟ್ಟಬೇಕಿದ್ದ ಹೆಣ್ಣುಗಳು ಹುಟ್ಟದೇ ಹೋದದ್ದೂ ಕಾರಣ. ಈ ಯುವಕರಿಗೂ ಒಂದು ದಿನ ಎಪ್ಪತ್ತಾಗುತ್ತದೆ. ಮಕ್ಕಳಿಲ್ಲದ, ಹೆಂಡತಿಯಿಲ್ಲದ ಗಂಡಸಿನ ಮುಪ್ಪು ಕರ್ನಾಟಕದ ಹಳ್ಳಿಗಳಿಗೆ ಈ ಪ್ರಮಾಣದಲ್ಲಿ ಹೊಸದು.

ಹಣದ ಮಾತಿಗೆ ಬರೋಣ. ಜಪಾನಿನಲ್ಲಿ ಅರವತ್ತೈದು ದಾಟಿದವರು ಶೇ 14 ಆದದ್ದು 1994 ರಲ್ಲಿ. ಆ ಹೊತ್ತಿಗೆ ಅದು ಜಗತ್ತಿನ ಎರಡನೆಯ ದೊಡ್ಡ ಅರ್ಥವ್ಯವಸ್ಥೆ, ಎಲ್ಲ ಪ್ರಜೆಗಳನ್ನೂ ಒಳಗೊಂಡ ಪಿಂಚಣಿ ಮತ್ತು ಆರೋಗ್ಯ ವಿಮೆ ಅಲ್ಲಿ ಮೂರು ದಶಕ ಹಳೆಯದಾಗಿತ್ತು. ನಮ್ಮಲ್ಲಿ ದುಡಿಯುವವರಲ್ಲಿ ಹತ್ತಕ್ಕೆ ಎಂಟೊಂಬತ್ತು ಜನ ಪಿಂಚಣಿಯ ಹೆಸರೇ ಇಲ್ಲದ ಕೆಲಸಗಳಲ್ಲಿದ್ದಾರೆ. ಕರ್ನಾಟಕದಲ್ಲಿ ಅರವತ್ತೈದು ದಾಟಿದ ಬಡವರಿಗೆ ಸಂಧ್ಯಾ ಸುರಕ್ಷಾ ಯೋಜನೆಯಲ್ಲಿ ತಿಂಗಳಿಗೆ 1,200 ರೂಪಾಯಿ ಬರುತ್ತದೆ. ಉತ್ತರ ಕರ್ನಾಟಕದ ಮುದುಕಿಯರು ಇದನ್ನು ‘ಪಗಾರ’ ಎನ್ನುತ್ತಾರೆ, ಜೀವಮಾನವೆಲ್ಲ ದುಡಿದವರಿಗೆ ಆ ಪದ ಬಳಸುವ ಹಕ್ಕಿದೆ. ಇಂದಿರಾ ಗಾಂಧಿ ವೃದ್ಧಾಪ್ಯ ಪಿಂಚಣಿಯಲ್ಲಿ ಎಂಬತ್ತರ ಒಳಗಿನವರಿಗೆ ಕೇಂದ್ರ ಕೊಡುವ ಪಾಲು ತಿಂಗಳಿಗೆ 200 ರೂಪಾಯಿ, ಅದು ಹದಿನೈದು ವರ್ಷಕ್ಕೂ ಹೆಚ್ಚು ಕಾಲದಿಂದ ಒಂದು ರೂಪಾಯಿಯೂ ಏರಿಲ್ಲ. ಕಾರ್ಖಾನೆಯಲ್ಲಿ ದುಡಿದು ಭವಿಷ್ಯನಿಧಿ ಕಟ್ಟಿದವರ ಕನಿಷ್ಠ ಪಿಂಚಣಿ 2014 ರಿಂದ ಸಾವಿರ ರೂಪಾಯಿ. ರಾಜ್ಯ ಸರ್ಕಾರಿ ನೌಕರರಲ್ಲೂ 2006 ರ ಏಪ್ರಿಲ್ ನಂತರ ಸೇರಿದವರು ಹಳೆಯ ಪಿಂಚಣಿ ಮರಳಿ ಬೇಕೆಂದು ಹೋರಾಡುತ್ತಲೇ ಇದ್ದಾರೆ. ರಕ್ತದೊತ್ತಡ, ಸಕ್ಕರೆ ಕಾಯಿಲೆಗಳ ಮಾತ್ರೆಗೆ ತಿಂಗಳಿಗೆ ಎಷ್ಟಾಗುತ್ತದೆಂದು ಬಲ್ಲವರಿಗೆ ಈ ಮೊತ್ತಗಳ ಅರ್ಥ ವಿವರಿಸಬೇಕಿಲ್ಲ. ಎಪ್ಪತ್ತು ದಾಟಿದ ಎಲ್ಲರನ್ನೂ ಆಯುಷ್ಮಾನ್ ಭಾರತಕ್ಕೆ ಸೇರಿಸುವ 2024 ರ ತೀರ್ಮಾನ ಒಳ್ಳೆಯದೇ. ಆದರೆ ಆ ವಿಮೆ ಆಸ್ಪತ್ರೆಗೆ ಸೇರಿದಾಗಿನ ಖರ್ಚಿನದ್ದು. ಮುಪ್ಪಿನ ಬಹುಪಾಲು ಖರ್ಚು ಮನೆಯಲ್ಲಿ, ದಿನದಿನವೂ ಆಗುವಂಥದ್ದು.

ಇಷ್ಟೆಲ್ಲ ಇದ್ದೂ ಸಾರ್ವಜನಿಕ ಚರ್ಚೆ ಸಾಗುತ್ತಿರುವುದು ಬೇರೆ ದಿಕ್ಕಿನಲ್ಲಿ. 2024 ರ ಅಕ್ಟೋಬರಿನಲ್ಲಿ ಆಂಧ್ರದ ಮುಖ್ಯಮಂತ್ರಿ ಚಂದ್ರಬಾಬು ನಾಯ್ಡು ಹೆಚ್ಚು ಮಕ್ಕಳನ್ನು ಹೆರಬೇಕೆಂದು ಕರೆಕೊಟ್ಟರು. ತಮಿಳುನಾಡಿನ ಮುಖ್ಯಮಂತ್ರಿಯಾಗಿದ್ದ ಸ್ಟಾಲಿನ್ ಹದಿನಾರು ಮಕ್ಕಳನ್ನು ಹೆರಬಾರದೇಕೆ ಎಂಬ ಮಾತನ್ನು ಎತ್ತಿದರು. ಇಬ್ಬರಿಗಿಂತ ಹೆಚ್ಚು ಮಕ್ಕಳಿದ್ದವರು ಸ್ಥಳೀಯ ಸಂಸ್ಥೆಗಳ ಚುನಾವಣೆಗೆ ನಿಲ್ಲಬಾರದೆಂಬ ನಿಯಮವನ್ನು ಆಂಧ್ರ ಅದೇ ವರ್ಷ ಕಿತ್ತುಹಾಕಿತು. ಹಿನ್ನೆಲೆಯಲ್ಲಿದ್ದುದು ಜನಸಂಖ್ಯೆಗೆ ತಕ್ಕಂತೆ ಲೋಕಸಭಾ ಕ್ಷೇತ್ರಗಳನ್ನು ಮರುವಿಂಗಡಿಸುವ ಭಯ. ರಾಜ್ಯವಾರು ಸೀಟುಗಳ ಹಂಚಿಕೆಯನ್ನು 1971 ರ ಜನಗಣತಿಗೆ ಕಟ್ಟಿಹಾಕಿದ್ದು 1976 ರ 42 ನೇ ತಿದ್ದುಪಡಿ. 2001 ರ 84 ನೇ ತಿದ್ದುಪಡಿ ಅದನ್ನು 2026 ರ ನಂತರದ ಮೊದಲ ಜನಗಣತಿಯವರೆಗೆ ಮುಂದುವರಿಸಿತು. ಜನಸಂಖ್ಯೆಯನ್ನು ಹತೋಟಿಗೆ ತಂದವರ ದನಿ ಅದೇ ಕಾರಣಕ್ಕೆ ಕುಗ್ಗಬಾರದು ಎಂಬ ದಕ್ಷಿಣದ ವಾದದಲ್ಲಿ ನ್ಯಾಯವಿದೆ, ಅದರಲ್ಲಿ ಕರ್ನಾಟಕವೂ ಪಾಲುದಾರ.

ಆದರೆ ಎಲ್ಲ ಅನ್ಯಾಯವನ್ನೂ ಇದೇ ಖಾತೆಗೆ ಬರೆಯುವುದು ಸರಿಯಲ್ಲ. ರಾಜ್ಯಗಳಿಗೆ ಹಂಚುವ ಕೇಂದ್ರ ತೆರಿಗೆಯಲ್ಲಿ ಹದಿನಾಲ್ಕನೇ ಹಣಕಾಸು ಆಯೋಗದಡಿ ಶೇ 4.713 ಇದ್ದ ಕರ್ನಾಟಕದ ಪಾಲು ಹದಿನೈದನೆಯದರಲ್ಲಿ ಶೇ 3.647 ಕ್ಕೆ ಇಳಿದಾಗ, 2011 ರ ಜನಸಂಖ್ಯೆಯನ್ನು ಬಳಸಿದ್ದೇ ಕಾರಣವೆಂದು ಎಲ್ಲ ವೇದಿಕೆಗಳಲ್ಲೂ ಹೇಳಲಾಯಿತು. ಆದರೆ ಆ ಆಯೋಗವು ಜನಸಂಖ್ಯಾ ಸಾಧನೆಗೆ, ಅಂದರೆ ಫಲವಂತಿಕೆ ಇಳಿಸಿದ್ದಕ್ಕೆ, ಶೇ 12.5 ರಷ್ಟು ತೂಕ ಕೊಟ್ಟಿತ್ತು. ನಮಗೆ ಹೆಚ್ಚು ಪೆಟ್ಟು ಕೊಟ್ಟದ್ದು ಶೇ 45 ರ ತೂಕವಿದ್ದ ಆದಾಯದ ಅಂತರ: ತಲಾ ಆದಾಯ ಏರಿದ ರಾಜ್ಯಕ್ಕೆ ಅಲ್ಲಿ ಅಂಕ ಕಡಿಮೆ. ಬೆಂಗಳೂರಿನ ಆದಾಯ ಇಡೀ ರಾಜ್ಯದ ಸರಾಸರಿಯನ್ನು ಮೇಲೆತ್ತಿತು, ಯಾದಗಿರಿಯ ಮುದುಕಿಗೆ ಸೇರಬೇಕಿದ್ದ ಪಾಲು ಆ ಸರಾಸರಿಯಲ್ಲಿ ಕರಗಿತು.

ಸೀಟಿಗಾಗಿ ಮಕ್ಕಳನ್ನು ಹೆರಿ ಎನ್ನುವುದು ರಾಜಕೀಯವಾಗಿ ಚುರುಕಾದ ಮಾತಿರಬಹುದು, ಅದು ಫಲ ಕೊಡುವ ಸಾಧ್ಯತೆ ತೀರಾ ಕಡಿಮೆ. ಕೊರಿಯಾ 2006 ರಿಂದ ಈ ಉದ್ದೇಶಕ್ಕೆ ಅಪಾರ ಹಣ ಸುರಿದ ಅವಧಿಯಲ್ಲೇ ಅಲ್ಲಿನ ದರ ಒಂದಕ್ಕಿಂತ ಕೆಳಗಿಳಿಯಿತು. ತಾಯಂದಿರಿಗೆ ತೆರಿಗೆ ವಿನಾಯಿತಿ, ಮನೆ ಸಾಲದ ಮನ್ನಾ ಎಲ್ಲ ಕೊಟ್ಟ ಹಂಗೇರಿಯಲ್ಲಿ ದರ 2011 ರ 1.23 ರಿಂದ 2021 ರಲ್ಲಿ 1.6 ರ ಹತ್ತಿರಕ್ಕೆ ಏರಿ, 2024 ಕ್ಕೆ ಮತ್ತೆ 1.4 ಕ್ಕಿಂತ ಕೆಳಗೆ ಬಂತು. ನಮ್ಮಲ್ಲಂತೂ ಈಗಿನ ತಾಯಂದಿರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಶಾಶ್ವತ ವಿಧಾನವನ್ನೇ ಆರಿಸಿಕೊಂಡಾಗಿದೆ, ಅಥವಾ ಅವರಿಗಾಗಿ ಆರಿಸಿಯಾಗಿದೆ. ಇಂದೇ ಹೆಚ್ಚು ಮಕ್ಕಳು ಹುಟ್ಟತೊಡಗಿದರೂ ಅವು ದುಡಿಯುವ ಕೈಗಳಾಗಲು ಇಪ್ಪತ್ತು ವರ್ಷ ಬೇಕು. ಮೇಲೆ ಲೆಕ್ಕಕ್ಕೆ ತೆಗೆದುಕೊಂಡ ಹೆಂಗಸಿಗೆ ಅಷ್ಟರಲ್ಲಿ ಎಪ್ಪತ್ತೈದು ದಾಟಿರುತ್ತದೆ. ಅಲ್ಲಿಯವರೆಗೆ ಹೊಸ ತಾಯಿ ಒಂದು ಕೈಯಲ್ಲಿ ಮೂರನೆಯ ಕೂಸನ್ನೂ ಇನ್ನೊಂದು ಕೈಯಲ್ಲಿ ಹಾಸಿಗೆ ಹಿಡಿದ ಅತ್ತೆಯನ್ನೂ ನೋಡಿಕೊಳ್ಳಬೇಕು. ಕಡಿಮೆ ಹೆರು ಎಂದು ಯಾರಿಗೆ ಹೇಳಿದ್ದೆವೋ ಅವಳ ಸೊಸೆಗೆ ಹೆಚ್ಚು ಹೆರು ಎನ್ನುತ್ತಿದ್ದೇವೆ, ನಡುವೆ ಏನೂ ಬದಲಾಗಿಲ್ಲ.

ಜಪಾನಿನಿಂದ ಕಲಿಯಬೇಕಾದದ್ದು ಭಯವನ್ನಲ್ಲ, 2000 ದ ಏಪ್ರಿಲಿನಲ್ಲಿ ಅದು ಜಾರಿಗೆ ತಂದ ಆರೈಕೆ ವಿಮೆಯನ್ನು. ಅಲ್ಲಿಯೂ ಮುದುಕರನ್ನು ನೋಡಿಕೊಳ್ಳುವುದು ಸೊಸೆಯ ಕೆಲಸವೆಂದೇ ಇತ್ತು. ಮನೆಯಲ್ಲಿ ಆಗದಿದ್ದಾಗ ಕಾಯಿಲೆಯಿಲ್ಲದಿದ್ದರೂ ಆಸ್ಪತ್ರೆಗೆ ಸೇರಿಸಿ ತಿಂಗಳುಗಟ್ಟಲೆ ಬಿಡುತ್ತಿದ್ದರು. ಆರೈಕೆಯ ಭಾರವನ್ನು ಸಮಾಜ ಹೊರಬೇಕೆಂದು ಅಲ್ಲಿನ ಮಹಿಳಾ ಸಂಘಟನೆಗಳೂ ದನಿಯೆತ್ತಿದವು. ಈಗ ನಲವತ್ತು ತುಂಬಿದ ಪ್ರತಿಯೊಬ್ಬರೂ ಕಂತು ಕಟ್ಟುತ್ತಾರೆ, ಅರ್ಧ ಹಣ ತೆರಿಗೆಯಿಂದ ಬರುತ್ತದೆ. ವೃದ್ಧರಿಗೆ ಎಷ್ಟು ನೆರವು ಬೇಕೆಂದು ಏಳು ಹಂತಗಳಲ್ಲಿ ಅಳೆದು, ಸ್ನಾನ ಮಾಡಿಸಲು ಮನೆಗೆ ಬರುವವರು, ಹಗಲು ಹೊತ್ತಿನ ಆರೈಕೆ ಕೇಂದ್ರ, ಅಗತ್ಯವಿದ್ದರೆ ಆಶ್ರಯ ಇವುಗಳನ್ನು ಒದಗಿಸಲಾಗುತ್ತದೆ; ಹೆಚ್ಚಿನವರು ವೆಚ್ಚದ ಹತ್ತನೆಯ ಒಂದು ಪಾಲು ಕೊಟ್ಟರಾಯಿತು. ಅದಕ್ಕೂ ತೊಡಕುಗಳಿವೆ. ಕಂತು ಏರುತ್ತಲೇ ಇದೆ, ಕೆಲಸಕ್ಕೆ ಜನ ಸಾಲದೆ ಇಂಡೋನೇಷ್ಯಾ, ಫಿಲಿಪ್ಪೀನ್ಸ್, ವಿಯೆಟ್ನಾಮುಗಳಿಂದ ಕರೆಸಿಕೊಳ್ಳುತ್ತಿದ್ದಾರೆ. ಅಷ್ಟು ಹಣ ನಮ್ಮಲ್ಲಿಲ್ಲ ಎನ್ನುವವರು ಪಕ್ಕದ ಕೇರಳವನ್ನು ನೋಡಬಹುದು. ಗುಣವಾಗದ ಕಾಯಿಲೆಯವರ ನೋವು ತಗ್ಗಿಸುವ ಉಪಶಾಮಕ ಆರೈಕೆಗಾಗಿ 1993 ರಲ್ಲಿ ಕೋಯಿಕ್ಕೋಡಿನಲ್ಲಿ ಶುರುವಾದ ಪ್ರಯತ್ನ ಊರವರ ಕೈಸೇರಿ ಹಬ್ಬಿತು, 2008 ರಲ್ಲಿ ಸರ್ಕಾರ ಅದನ್ನು ನೀತಿಯಾಗಿ ಒಪ್ಪಿತು, ಈಗ ಪಂಚಾಯಿತಿಗಳೇ ಹಾಸಿಗೆ ಹಿಡಿದವರ ಮನೆಗೆ ದಾದಿಯರನ್ನು ಕಳುಹಿಸುತ್ತವೆ.

ಕರ್ನಾಟಕದಲ್ಲಿ ಕೈಗಳ ಕೊರತೆ ಈಗಾಗಲೇ ಒಂದು ಬಗೆಯಲ್ಲಿ ತುಂಬಿಕೊಳ್ಳುತ್ತಿದೆ. ಚಿಕ್ಕಮಗಳೂರು, ಕೊಡಗಿನ ಕಾಫಿ ತೋಟಗಳಲ್ಲಿ ಅಸ್ಸಾಮಿನ ಕಾರ್ಮಿಕರು, ಹೋಟೆಲುಗಳಲ್ಲಿ ಒಡಿಶಾ, ಬಂಗಾಳದ ಹುಡುಗರು, ಕಟ್ಟಡಗಳಲ್ಲಿ ಬಿಹಾರ, ಜಾರ್ಖಂಡಿನವರು. ಅವರ ಬಗ್ಗೆ ಗೊಣಗುವವರ ತೋಟದ ಕೆಲಸವೂ ಅವರಿಂದಲೇ ನಡೆಯುತ್ತಿದೆ. ಕಲ್ಯಾಣ ಕರ್ನಾಟಕದ ಯುವಕರು ಇನ್ನೂ ಬೆಂಗಳೂರಿಗೆ ವಲಸೆ ಬರುತ್ತಿರುವುದರಿಂದ ರಾಜ್ಯದ ಒಳಗೂ ಇದೇ ಹರಿವಿದೆ: 2011 ಕ್ಕೆ ಮುಗಿದ ದಶಕದಲ್ಲಿ ಯಾದಗಿರಿ ಶೇ 22 ಕ್ಕೂ ಮೇಲೆ ಬೆಳೆದಿತ್ತು, ಉಡುಪಿ ಬೆಳೆದದ್ದು ಶೇ 6 ರಷ್ಟು. ಕರಾವಳಿ, ಮಲೆನಾಡಿನಲ್ಲಿ ಮಕ್ಕಳಿಲ್ಲದೆ ಮುಚ್ಚುತ್ತಿರುವ ಸರ್ಕಾರಿ ಕನ್ನಡ ಶಾಲೆಗಳಿಗೆ ಇಂಗ್ಲಿಷ್ ಮಾಧ್ಯಮದ ಸೆಳೆತವೊಂದೇ ಕಾರಣವೆಂದು ನಾವು ಬಗೆದಿದ್ದೇವೆ. ಊರಿನಲ್ಲಿ ಮಕ್ಕಳೇ ಕಡಿಮೆಯಾದದ್ದು ಇನ್ನೊಂದು ಕಾರಣ. ಹಲವು ತೋಟದ ಊರುಗಳ ಶಾಲೆಗಳಲ್ಲಿ ಈಗ ಕನ್ನಡ ಕಲಿಯುತ್ತಿರುವುದು ಈ ವಲಸಿಗರ ಮಕ್ಕಳು. ಕನ್ನಡದ ಉಳಿವಿನ ಬಗ್ಗೆ ಚಿಂತಿಸುವವರು ಆ ತರಗತಿಗಳ ಕಡೆಗೂ ನೋಡುವುದು ಒಳ್ಳೆಯದು.

ಮತ್ತೆ ಆ ರಿಜಿಸ್ಟರಿಗೆ. ನಲವತ್ತೊಂಬತ್ತು ದಾಟಿದ ವರ್ಷ ಹೆಂಗಸಿನ ಹೆಸರು ಅರ್ಹ ದಂಪತಿಗಳ ಪಟ್ಟಿಯಿಂದ ಬಿದ್ದುಹೋಗುತ್ತದೆ. ಇತ್ತೀಚೆಗೆ ಆಶಾ ಕಾರ್ಯಕರ್ತೆಯರ ಕೈಗೆ ಇನ್ನೊಂದು ನಮೂನೆ ಬಂದಿದೆ. ಮೂವತ್ತು ದಾಟಿದ ಎಲ್ಲರ ಸಾಂಕ್ರಾಮಿಕವಲ್ಲದ ಕಾಯಿಲೆಗಳ ಅಪಾಯವನ್ನು ಅಂದಾಜು ಮಾಡುವುದಕ್ಕೆ. ಅದರಲ್ಲಿ ಅರವತ್ತು ದಾಟಿದವರಿಗೆಂದೇ ಕೆಲವು ಪ್ರಶ್ನೆಗಳಿವೆ. ನಿಂತಾಗ, ನಡೆಯುವಾಗ ತೂರಾಡಿದಂತಾಗುತ್ತದೆಯೇ? ಊಟಕ್ಕೆ, ಏಳುವುದಕ್ಕೆ, ಬಟ್ಟೆ ತೊಡುವುದಕ್ಕೆ, ಸ್ನಾನಕ್ಕೆ ಇನ್ನೊಬ್ಬರ ಸಹಾಯ ಬೇಕೇ? ಹತ್ತಿರದವರ ಹೆಸರು ಮರೆತುಹೋಗುತ್ತದೆಯೇ? ಸರಿಯಾದ ಪ್ರಶ್ನೆಗಳೇ, ಕೇಳುವವಳೂ ಸರಿಯಾದವಳೇ. ಯಾವುದಕ್ಕಾದರೂ ಹೌದು ಎಂಬ ಉತ್ತರ ಬಂದರೆ ವೈದ್ಯಾಧಿಕಾರಿ ಇರುವ ಹತ್ತಿರದ ಆರೋಗ್ಯ ಕೇಂದ್ರಕ್ಕೆ ಕಳುಹಿಸಬೇಕೆಂದು ಕೆಳಗೆ ಸೂಚನೆಯಿದೆ. ಏಳಲು ಒಬ್ಬರ ಕೈ ಬೇಕು ಎಂದವಳಿಗೆ ಸಿಗುವ ಉತ್ತರ, ಎದ್ದು ಆಸ್ಪತ್ರೆಗೆ ಹೋಗಬೇಕು ಎಂಬುದು.